ಎರ್ಮೋಸಾ ಅಂದರೆ

ಹಂಪಿಯ ಗೈಡ್ ಪಂಪಣ್ಣನಿಗೆ ಹೆಣ್ಣನ್ನು ಚೆಲುವೆ ಎನ್ನಲು ಸ್ಪ್ಯಾನಿಷ್‌ನಲ್ಲಿ ಬೇಕಾದಷ್ಟು ಮಾತು ಗೊತ್ತಿತ್ತು. ಹುಡುಗಿಯರಿಗೆ ಗ್ವಾಪಾ, ಬೊನೀತಾ. ಯಾರಿಗಾದರೂ ಸಲ್ಲುವುದು ಎರ್ಮೋಸಾ. ಗುಡಿಗಳನ್ನೆಲ್ಲ ತೋರಿಸಿ, ಊಟಕ್ಕೆ ತನ್ನ ಮನೆಗೇ ಕರೆತರುತ್ತಿದ್ದ ಪ್ರವಾಸಿ ಹೆಂಗಸರಿಗೆ ಹೊಸ್ತಿಲಲ್ಲೇ "ಎರ್ಮೋಸಾ" ಎಂದು ಕೈಮುಗಿಯುತ್ತಿದ್ದ. ಅವರು ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು.

ಒಲೆಯ ಮುಂದೆ ಕೂತ ಹೆಂಡತಿಯನ್ನು ಮಾತ್ರ ಅಡುಗೆಯವಳು ಎಂದು ಹೇಳಿಬಿಡುತ್ತಿದ್ದ. ಅವಳ ಮುಖದ ತುಂಬ ತೊನ್ನಿನ ಬಿಳಿ ಕಲೆಗಳಿದ್ದವು.

ಆ ದಿನ ಸ್ಪೇನಿನ ಮುದುಕಿಯೊಬ್ಬಳು ಊಟ ಮುಗಿಸಿ ನೇರ ಒಲೆಯ ಬಳಿ ಹೋದಳು. ಅವನ ಹೆಂಡತಿಯ ಗಲ್ಲ ಹಿಡಿದು, ಆ ಕಲೆಗಳನ್ನು ಸವರಿ, "ಎರ್ಮೋಸಾ" ಎಂದಳು.

"ಏನಂದ್ರು ಇವ್ರು?" ಹೆಂಡತಿ ಗಂಡನನ್ನು ಕೇಳಿದಳು.

ಪಂಪಣ್ಣನ ಮುಖ ಬಾಡಿತು. ಮದುವೆಯಾದಾಗಿನಿಂದ ತಾನು ಒಮ್ಮೆಯೂ ಅವಳಿಗೆ ಆಡದ ಮಾತನ್ನು ಈಗ ಪರರ ಪರವಾಗಿ ಹೇಳಲು ನಾಲಗೆ ಹೊರಳಲಿಲ್ಲ.

"ರೊಟ್ಟಿ ಚೊಲೊ ಅದಾವಂತ," ಎಂದ.

ಅವಳು ಹಿಟ್ಟಿನ ಕೈ ಕೊಡವಿಕೊಂಡಳು.

"ಹೌದೇನ್ರಿ? ರೊಟ್ಟಿ ಬಡಿಯಾಕಿ ನಾನು. ಮತ್ತ ಬಾಗಲಾಗ ಬಂದವ್ರಿಗೆಲ್ಲ ನೀವು ಅದನ್ನ ಯಾಕ ಅಂತೀರಿ?"