ಸುಟ್ಟ ಎಣ್ಣೆಯ ಗೊಬ್ಬರ

ಸುಟ್ಟ ಎಣ್ಣೆಯ ಡಬ್ಬಿ ಹೊತ್ತು ಆಳು ಗೈಬುಸಾಬ ಬದುವಿಗೆ ಬಂದ, ಹಿಂದೆಯೇ ಧಣಿ ಶ್ರೀಶೈಲಪ್ಪ ಸಾವಕಾರ. ಕಾಯಿ ಬಿಟ್ಟು ಬಾಗಿದ್ದ ತನ್ನ ಬದನೆ ಗಿಡಗಳಿಗೆ ಬುಟ್ಟಿ ತಂದಿದ್ದ ಪೀರಬಿ ಡಬ್ಬಿ ಕಂಡು ಅಲ್ಲೇ ನಿಂತಳು. ಸುರಿದರೆ ಎಲ್ಲ ಮುಗಿದಂತೆಯೇ. ಇಂಡಿ ಸಂತೆಗೆ ಕಾಯಿ ಹೋದರಷ್ಟೇ ಆ ವಿಧವೆಯ ಮನೆಯಲ್ಲಿ ಒಲೆ ಹೊತ್ತುತ್ತಿತ್ತು.

ಅಗರಖೇಡಕ್ಕೆ ಬಂದ ಮೊದಲ ನೀರೆತ್ತುವ ಇಂಜಿನ್ನು ಸಾವಕಾರನದು. ಅದು ಕಾರಿದ ಕರಿ ಎಣ್ಣೆಯೆಲ್ಲ ಪೀರಬಿಯ ತುಂಡು ಹೊಲಕ್ಕೇ ಬೀಳುತ್ತಿತ್ತು. ಹುಲ್ಲೂ ಹುಟ್ಟದಾಯಿತು. ಅತ್ತಳು, ಬೈದಳು, ಸಾವಕಾರ ಮೀಸೆ ತಿರುವಿದ ಅಷ್ಟೇ. ಪುಣ್ಯಕ್ಕೆ ಇಂಜಿನ್ನು ಕೆಟ್ಟು, ಸೊಲ್ಲಾಪುರದಿಂದ ಸಾಮಾನು ಬರುವವರೆಗೆ ವರ್ಷಗಟ್ಟಲೆ ಮಲಗಿತು.

ಆ ಹೊತ್ತಿನಲ್ಲಿ, ಕಾಲು ಜಾರದಿರಲೆಂದು, ಎಮ್ಮೆ ಮೂಸದ ಕೊಳೆತ ಜೋಳದ ದಂಟಿನ ಕಣಿಕೆಯನ್ನು ಪೀರಬಿ ಜಿಡ್ಡಿನ ಮೇಲೆ ಹರವಿದ್ದಳು. ಮಳೆ ಬಿದ್ದದ್ದೇ ತಡ, ಬಿಳಿ ಬೂಷ್ಟು ನೂಲುನೂಲಾಗಿ ಮಣ್ಣಿಗಿಳಿಯಿತು, ಮೇಲೆ ನಾಯಿಕೊಡೆಗಳೆದ್ದವು. ಮರುವರ್ಷ ಕೆದರಿದರೆ ಎಣ್ಣೆಯ ನಾತವೇ ಇಲ್ಲ, ಮಣ್ಣು ಪುಡಿಪುಡಿ. ಬೂಷ್ಟೇ ಎಣ್ಣೆಯನ್ನು ಉಂಡು ಅರಗಿಸಿಕೊಂಡಿರಬೇಕು ಎಂದುಕೊಂಡಳು. ಕಣಿಕೆ ಸಾಲದೆ ಬಿಟ್ಟ ಮೂಲೆಯೊಂದು ಮಾತ್ರ ಇನ್ನೂ ಕರ್ರಗಿತ್ತು.

ಈಗ ಇಂಜಿನ್ನು ಮತ್ತೆ ಶುರುವಾಗಿ ಎಣ್ಣೆ ಬಂದಿತ್ತು. ಆ ಕರಿ ಮೂಲೆ ಕಾಣದಂತೆ ಬುಟ್ಟಿ ಬೋರಲು ಹಾಕಿ, ಪೀರಬಿ ಅದರ ಮೇಲೆ ಕೂತುಬಿಟ್ಟಳು. ಸಾವಕಾರ ಹತ್ತಿರ ಬಂದರೂ ಏಳಲಿಲ್ಲ.

"ಮಣಕಾಲು ಹಿಡದಾವ್ರಿ," ಎಂದಳು.

ಸಾವಕಾರನ ಕಣ್ಣು ಬದನೆಕಾಯಿಯ ಮೇಲೇ ಇತ್ತು. "ಈ ಹೊಲಸು ನೆಲಕ್ಕ ಏನ್ ಗೊಬ್ಬರ ಹಾಕಿದೆಬೇ?"

"ನನ್ನ ಕಡೆ ಗೊಬ್ಬರ ಎಲ್ಲೈತ್ರಿ ಸಾವಕಾರ್ರ? ನೀವು ಹಾಕಿಸಿದ ಎಣ್ಣಿನ ಅಷ್ಟ." ಆಮೇಲೆ ಗೈಬುಸಾಬನತ್ತ ತಿರುಗಿದಳು. "ಸುರಿಯಣ್ಣ, ಕೈ ತಡೀಬ್ಯಾಡ. ಬುಡಕ್ಕ ಚಲೋತಂಗ ಬೀಳಲಿ."

"ಏ ಗೈಬು, ತಡಿ." ಸಾವಕಾರ ಅಡ್ಡ ಕೈ ಚಾಚಿದ. "ಪುಕ್ಕಟ ಯಾಕ ಹಾಕ್ತಿ? ನಮ್ಮ ಮೆಣಸಿನ ಗಿಡಕ್ಕ ಒಯ್ದು ಸುರಿ. ಇನ್ನ ಮ್ಯಾಲ ಒಂದ ಹನಿ ಈ ಕಡೆ ಬೀಳಬಾರದು."

"ಬಡವಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರೀ ಯಪ್ಪಾ," ಎಂದು ಪೀರಬಿ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಅದೇ ಸೆರಗು ಬಾಯಿ ಮುಚ್ಚಲಿಕ್ಕೂ ಬೇಕಾಯಿತು.

ಗೈಬುಸಾಬ ಬುಟ್ಟಿಯ ಅಂಚಿನಿಂದ ಇಣುಕುತ್ತಿದ್ದ ಕರಿ ಮಣ್ಣನ್ನು ನೋಡಿದ, ಅವಳ ಮುಖ ನೋಡಿದ. ಇಷ್ಟು ದಿನ ಧಣಿ ಹೇಳಿದ್ದಕ್ಕೆಲ್ಲ ಹೂಂ ಅಂದವನು ಇವತ್ತೂ ಹೂಂ ಅಂದ. ಡಬ್ಬಿ ಹೊತ್ತು ಮೆಣಸಿನ ಹೊಲದತ್ತ ನಡೆದ, ಸಾವಕಾರ ಅವಸರದಿಂದ ಅವನ ಬೆನ್ನು ಹತ್ತಿದ.

ಇಬ್ಬರೂ ಮರೆಯಾದ ಮೇಲೆ ಪೀರಬಿ ಎದ್ದಳು. ಬಾವಿಯಿಂದ ಕೊಡ ತುಂಬಿ ತಂದು, ಬೇಲಿ ಪಕ್ಕ ಉಳಿದಿದ್ದ ಕಣಿಕೆಯ ಮೇಲೆ ಸುರುವಿದಳು.

"ಚಂದಾಗಿ ಕೊಳಿ," ಎಂದಳು ಅದಕ್ಕೆ. "ಮೆಣಸಿನ ಗಿಡ ಸುಟ್ಟ ಮ್ಯಾಲ ಸಾವಕಾರ್ರು ನಿನ್ನ ಕೇಳಾಕ ಬಂಡಿ ಹೂಡ್ಕೊಂಡು ಬರೋದೈತಿ."