ಎಲುಬಿನ ಹಾಜರಿ

"ನಿನ್ನ ಎಲುಬು ಕೂಡ್ಯಾದಂತ, ಧರ್ಮಣ್ಣಾ. ನಾಳಿಂದ ಏಳನೇ ಸ್ಲ್ಯಾಬ್ ಏರು." ಸುಪರ್‌ವೈಸರ್ ದೀಪಕ ತಗಡಿನ ಶೆಡ್ಡಿನ ಬಾಗಿಲಲ್ಲೇ ನಿಂತು ಮೊಬೈಲನ್ನು ಮುಂದೆ ಹಿಡಿದ. ಕಟ್ಟಡ ಏಳುತ್ತಿದ್ದದ್ದು ನಾಸಿಕದಲ್ಲಿ. ಕಂಪನಿಯ ಡಾಕ್ಟರು ಕೂತದ್ದು ಛತ್ರಪತಿ ಸಂಭಾಜಿನಗರದ ಹೆಡ್ಡಾಫೀಸಿನಲ್ಲಿ. ಬಸ್ಸಿನಲ್ಲಿ ನಾಲ್ಕು ತಾಸಿನ ದಾರಿ. ಫಿಟ್ ಸರ್ಟಿಫಿಕೇಟು ಮಾತ್ರ ನಾಲ್ಕು ನಿಮಿಷದಲ್ಲಿ ಬಂದಿತ್ತು.

ಜಗದೇವಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಗಂಡ ಸೆಂಟ್ರಿಂಗ್ ಹಲಗೆಯಿಂದ ಜಾರಿ ಬಿದ್ದು ಮೂರು ತಿಂಗಳು. ಸರಕಾರಿ ದವಾಖಾನೆಯವರು ಅವನ ಸೊಂಟದ ಅಂಚಿನಿಂದಲೇ ಚೂರು ಎಲುಬು ಕೆತ್ತಿ, ಅದೇ ಸೊಂಟದ ಮುರಿದ ಕೀಲಿಗೆ ತುಂಬಿ ಹೊಲಿದು ಕಳಿಸಿದ್ದರು. ಹೋದ ತಿಂಗಳು ಎಕ್ಸ್‌ರೇ ತೆಗೆದು, ಸಂದು ಇನ್ನೂ ಕಾಣುತ್ತಿದೆ, ಇನ್ನೆರಡು ತಿಂಗಳಿಗೆ ಸಿಟಿ ಸ್ಕ್ಯಾನ್ ಮಾಡಿ ಕೂಡಿದ್ದು ಖಾತ್ರಿಯಾಗುವ ತನಕ ಆ ಕಾಲಿನ ಮೇಲೆ ಭಾರ ಬೀಳಕೂಡದು ಎಂದಿದ್ದರು. ಈಗ ಮುರಿದರೆ ಈ ಮನುಷ್ಯ ಮತ್ತೆ ನಿಲ್ಲುವುದಿಲ್ಲ ಎಂದೂ ಹೇಳಿದ್ದರು.

"ಸಾಹೇಬ್ರ, ಸಂಡಾಸಿಗಿ ಹೋಗಬೇಕಂದ್ರ ಇವರಿಗಿ ನಾ ಹೆಗಲು ಕೊಡ್ತೀನಿ," ಎಂದಳು ಜಗದೇವಿ. "ಏಳನೇ ಸ್ಲ್ಯಾಬಿಗಿ ನೀವು ಕೊಡ್ತೀರೇನು?"

"ನಾ ಹೇಳಿದ್ದಲ್ಲಕ್ಕಾ. ಡಾಕ್ಟರ್ ಸಾಹೇಬ್ರು ಎಕ್ಸ್‌ರೇ ಫೋಟೋ ನೋಡಿ ಬರದಾರ. ಎಲುಬು ಭಾರಿ ಬೆಳದದಂತ. ಫಿಟ್ ಆದಮ್ಯಾಲ ಕೆಲಸಕ್ಕ ಬರದವ್ರಿಗಿ ಶೆಡ್ ಇಲ್ಲ. ರೂಲ್ ಅದ."

ಆ ಎಕ್ಸ್‌ರೇ ಫಿಲ್ಮು ಒಂದು ತಿಂಗಳಿಂದ ಶೆಡ್ಡಿನ ಕಿಟಕಿಯಾಗಿತ್ತು. ತಗಡಿಗೆ ಬಿದ್ದ ತೂತಿನಿಂದ ಬಿಸಿಲು ನೇರ ಗಂಡನ ಕಣ್ಣಿಗೇ ಬೀಳುತ್ತದೆಂದು ಜಗದೇವಿಯೇ ಅದನ್ನು ಅಲ್ಲಿಗೆ ಅಂಟಿಸಿದ್ದಳು. ನಿನ್ನೆ ದೀಪಕ ಅದನ್ನು ಕಿತ್ತು, ಬಿಳಿ ಟೈಲ್ಸಿನ ಮೇಲಿಟ್ಟು ಫೋಟೋ ಹೊಡೆದು ಕಳಿಸಿದ್ದ. ಅವಳು ಮೊಬೈಲಿಗೆ ಮುಖ ತಂದು ನೋಡಿದಳು. ದವಾಖಾನೆಯವರು ಬೆರಳಿಟ್ಟು ತೋರಿಸಿದ್ದ ಕಪ್ಪು ಸಂದು ನಿಜವಾಗಿಯೂ ಮಾಯವಾಗಿತ್ತು. ಅಲ್ಲಿ ಬೆಳ್ಳಗೆ ಏನೋ ತುಂಬಿಕೊಂಡಿತ್ತು. ಆ ಬಿಳುಪಿನೊಳಗೆ ಸಣ್ಣ ಸಣ್ಣ ಗೆರೆಗಳಿದ್ದವು.

ಅವಳು ತನ್ನ ಹೆಬ್ಬೆಟ್ಟು ನೋಡಿಕೊಂಡಳು. ಹಗಲೆಲ್ಲ ಇದೇ ಕಟ್ಟಡದ ಗೋಡೆಗಳಿಗೆ ಬಣ್ಣಕ್ಕೆ ಮೊದಲು ಬಿಳಿ ಪುಟ್ಟಿ ಹಚ್ಚುವ ಕೈ ಅದು. ಫಿಲ್ಮಿನ ಅಂಚು ಅಂಟಿಸಿದ್ದೂ ಉಳಿದ ಪುಟ್ಟಿಯಿಂದಲೇ; ಆಗ ಅದೇ ಕೈಯಿಂದ ಫಿಲ್ಮಿನ ನಡುವೆ ಒತ್ತಿ ಹಿಡಿದಿದ್ದಳು.

"ಇದು ಎಲುಬಲ್ರೀ. ಪುಟ್ಟಿ. ಇದು ನನ್ನ ಹೆಬ್ಬಟ್ಟು."

ಮಲಗಿದ್ದ ಧರ್ಮಣ್ಣ ನಕ್ಕ. ನಕ್ಕರೂ ಸೊಂಟ ನೋಯುತ್ತಿತ್ತು. "ಮೂರು ತಿಂಗಳು ಗುಳಿಗಿ ನುಂಗಿದ್ರೂ ಕೂಡಲಿಲ್ಲ. ನಿನ್ನ ಕೈ ಹತ್ತಿದ್ದೇ ಕೂಡ್ತು ನೋಡು."

ದೀಪಕ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿದ. ಪರದೆಯಲ್ಲಿ ಅರ್ಧ ಹಣೆ, ಒಂದು ಚಹಾ ಕಪ್ಪು ಕಂಡವು. ಮರಾಠಿಯಲ್ಲಿ ಎಲ್ಲ ಹೇಳಿ ಮೊಬೈಲನ್ನು ಧರ್ಮಣ್ಣನ ಕಾಲಿನ ಕಡೆ ತಿರುಗಿಸಿದ.

"ಪೇಶಂಟ್ ನಕೋ," ಎಂದಿತು ಹಣೆ. "ಫಿಲ್ಮ್ ದಾಖವಾ."

ಪೇಶಂಟು ಬೇಡ, ಫಿಲ್ಮು ತೋರಿಸು ಎಂದದ್ದಕ್ಕೆ ದೀಪಕ ಫಿಲ್ಮು ಹಿಡಿದ. ಹಣೆ ಸ್ವಲ್ಪ ಹೊತ್ತು ಅದನ್ನೇ ನೋಡಿ ಏನೋ ಹೇಳಿ ಮರೆಯಾಯಿತು.

"ಏನಂದ್ರು?" ಜಗದೇವಿ ಕೇಳಿದಳು.

ದೀಪಕ ಅವಳ ಮುಖ ನೋಡದೆ ಹೇಳಿದ: "ಮನುಷ್ಯಾಗ ಫಿಟ್ ಅಂತ ಎಲ್ಲಿ ಬರದೀನಿ ಅಂತಾರ. ನೋಡಿದ್ದು ಫಿಲ್ಮು, ಫಿಟ್ ಇದ್ದದ್ದೂ ಫಿಲ್ಮು. ಸಹಿ ಆಗ್ಯಾದ, ಮುಗೀತು ಅಂತಾರ."

ಧರ್ಮಣ್ಣ ಕೈ ಚಾಚಿ ಫಿಲ್ಮು ತೆಗೆದುಕೊಂಡು ಉಗುರಿನಿಂದ ಕೆರೆದ. ಬಿಳಿ ಪುಡಿ ಅವನ ಎದೆಯ ಮೇಲೆ ಉದುರಿತು. ದೀಪಕ ಗಾಬರಿಯಾಗಿ ಅವನ ಕೈ ಹಿಡಿದ. "ಕೂಡಿದ ಎಲುಬು ಮುರದ್ಯಲ್ಲೋ ಮಾರಾಯ. ಶೆಡ್ಡಿನ್ಯಾಗ ಮುರಕೊಂಡಿದ್ದಕ್ಕ ಕಂಪನಿ ಜವಾಬ್ದಾರ ಅಲ್ಲ ಮತ್ತ."

ಜಗದೇವಿ ಜಗಳಕ್ಕೆ ಇಳಿಯಲಿಲ್ಲ. ಮೂಲೆಯ ಡಬ್ಬಿಯಿಂದ ಚಿಟಿಕೆ ಪುಟ್ಟಿ ತೆಗೆದು, ನೀರು ಚಿಮುಕಿಸಿ ಕಲಸಿ, ಫಿಲ್ಮಿನ ಸಂದಿನ ಮೇಲಿಟ್ಟು ಹೆಬ್ಬೆಟ್ಟು ಒತ್ತಿದಳು. "ಹೋಗ್ರಿ ಸಾಹೇಬ್ರ. ಮತ್ತ ಕೂಡ್ಯಾದ. ಮುಂಜಾನಿ ಕೆಲಸಕ್ಕ ಕಳಸ್ತೀನಿ."

ಮುಂಜಾನೆ ಲಿಫ್ಟಿನ ಮುಂದೆ ಹಾಜರಿ ನಡೆದಿತ್ತು. ಮೊಬೈಲಿನ ಹಾಜರಿ ಪಟ್ಟಿಯಲ್ಲಿ ಹೆಡ್ಡಾಫೀಸು ಧರ್ಮಣ್ಣನ ಹೆಸರನ್ನು ಆಗಲೇ ಏಳನೇ ಸ್ಲ್ಯಾಬಿಗೆ ಏರಿಸಿಬಿಟ್ಟಿತ್ತು. ಕೆಳಗಿಳಿಸುವ ಅಧಿಕಾರ ದೀಪಕನಿಗಿರಲಿಲ್ಲ. ಅವನು ಹೆಸರು ಕೂಗಿದ. ಜಗದೇವಿ ಫಿಲ್ಮು ಹಿಡಿದು ಮುಂದೆ ಬಂದಳು. ಇಟ್ಟಿಗೆ ಏರಿಸುವ ಕೊಕ್ಕೆಗೆ ಅದನ್ನು ತಂತಿಯಿಂದ ಬಿಗಿದಳು.

"ಫಿಟ್ ಆದಂವ ಇಂವ. ಏರಸ್ರಿ," ಎಂದಳು. "ಫಿಟ್ ಆಗದವ್ರು ಶೆಡ್ಡಿನ್ಯಾಗ ಮಲಗ್ಯಾರ. ಅವರನ್ನ ಎಬ್ಬಸಬ್ಯಾಡ್ರಿ."

ಅವಳ ಹಿಂದೆ ಪುಟ್ಟಿ ಗ್ಯಾಂಗಿನ ಹೆಂಗಸರು ಬಾಂಡ್ಲಿ ಕೆಳಗಿಟ್ಟು ನಿಂತಿದ್ದರು. ಯಾರೂ ನಗಲಿಲ್ಲ, ಯಾರೂ ಬಾಂಡ್ಲಿ ಎತ್ತಲಿಲ್ಲ. ದೀಪಕ ಅವರನ್ನು ನೋಡಿದ, ಮೊಬೈಲು ನೋಡಿದ, ಕೊಕ್ಕೆಯಲ್ಲಿ ತೂಗುತ್ತಿದ್ದ ಎಲುಬನ್ನು ನೋಡಿದ. ಕೊನೆಗೆ ಅದರದೊಂದು ಫೋಟೋ ಹೊಡೆದು, ಹೆಸರಿನ ಮುಂದೆ 'ಹಾಜರ್' ಒತ್ತಿದ.

ಮೋಟಾರು ಗುರ್ರೆಂದಿತು. ಧರ್ಮಣ್ಣನ ಸೊಂಟ ಒಂದೊಂದೇ ಸ್ಲ್ಯಾಬು ದಾಟುತ್ತ ಏರಿತು. ಏಳನೆಯದಕ್ಕೆ ಮುಟ್ಟಿದಾಗ ಫಿಲ್ಮಿನ ಹಿಂದಿನಿಂದ ಸೂರ್ಯ ಬಿದ್ದು ಎಲುಬೆಲ್ಲ ಹಾಲಿನಂತೆ ಬೆಳಗಿತು. ಪುಟ್ಟಿ ಮಾತ್ರ ಬೆಳಕನ್ನು ದಾಟಗೊಡಲಿಲ್ಲ. ಡಾಕ್ಟರು ಕೂಡಿದೆ ಎಂದ ಜಾಗದಲ್ಲಿ ಹೆಬ್ಬೆಟ್ಟಿನಷ್ಟು ಅಗಲದ ಕಪ್ಪು, ಕೆಳಗೆ ನಿಂತ ಎಲ್ಲರಿಗೂ ಕಾಣುವಂತೆ, ಗಾಳಿಗೆ ಅಲ್ಲಾಡುತ್ತಿತ್ತು.