ಲಿಲ್ಲಿ ಹೂವಿನ ಬೀಳ್ಕೊಡುಗೆ

"ನಿನ್ನ ಹೆಂಡತಿಗೆ ಲಿಲ್ಲಿ ಹೂವಿನ ವಾಸನೆ ಆಗುತ್ತೇನಪ್ಪ?" ಎಂದು ಫುಟ್‌ಬಾಲ್ ಕ್ಲಬ್ಬಿನ ಕ್ಯಾಂಟೀನು ನಡೆಸುವ ರೋಸ್ವಿತಾ ಕೇಳಿದಾಗ ಗೋಲ್‌ಕೀಪರ್ ಥೋರ್ಬೆನ್ ವೀಕಿಂಗ್ ಇನ್ನೂ ಕಾಫಿ ಕುಡಿಯುತ್ತಿದ್ದ.

"ಯಾಕೆ?"

"ನಿನ್ನ ಗುಚ್ಛದಲ್ಲಿ ಹಾಕಿದಾರೆ. ಬೇಡ ಅಂದ್ರೆ ಈಗಲೇ ತೆಗೆದುಬಿಡ್ತೀನಿ."

ಅವಳ ಹಿಂದೆ ಬಿಯರ್ ಇಡುವ ತಂಪು ಕೋಣೆಯ ಬಾಗಿಲು ತೆರೆದಿತ್ತು. ಬಕೆಟ್ಟಿನಲ್ಲಿ ಮೂರು ಹೂಗುಚ್ಛ. ಪ್ರತಿ ಸೀಸನ್ನಿನ ಕೊನೆಯ ತವರು ಪಂದ್ಯಕ್ಕೆ ಮುಂಚೆ, ಕ್ಲಬ್ ಬಿಟ್ಟು ಹೋಗುವವರಿಗೆ ಮೈದಾನದಲ್ಲೇ ಹೂ ಕೊಟ್ಟು ಕಳಿಸುತ್ತಾರೆ. ಇಬ್ಬರು ಹೋಗುವುದು ಊರಿಗೆಲ್ಲ ಗೊತ್ತಿತ್ತು. ಮೂರನೆಯವನು ತಾನೆಂದು ಥೋರ್ಬೆನ್‌ಗೆ ಈಗ ಗೊತ್ತಾಯಿತು. ರೋಸ್ವಿತಾಗೂ ತಾನು ಮಾಡಿದ ಎಡವಟ್ಟು ಗೊತ್ತಾಗಿ, ಪಾಪ, ಬಾಯಿಗೆ ಕೈ ಅಡ್ಡ ಹಿಡಿದಳು.

ಹದಿಮೂರು ವರ್ಷ ಗೋಲು ಕಾದವನಿಗೆ ಹೀಗೆ ಸುದ್ದಿ ಮುಟ್ಟಿಸುವುದೇ? ಅವನಿಗೆ ಮೈಯೆಲ್ಲ ಉರಿದುಹೋಯಿತು. ಕ್ಲಬ್ಬಿನ ಮ್ಯಾನೇಜರ್ ಹೈಕೊ ಕಾರಿಡಾರಿನಲ್ಲೇ ಸಿಕ್ಕಿದ. ಒಂದು ಕಾಲಕ್ಕೆ ಇದೇ ಹೈಕೊ ಅವನ ಮುಂದೆ ಡಿಫೆಂಡರ್ ಆಗಿ ಆಡಿದವನು.

"ನನ್ನ ಕರಾರು ಮುಗಿಸೋದು ಅಂತ ಯಾವಾಗ ತೀರ್ಮಾನ ಆಯ್ತು?"

"ಯಾರು ಹೇಳಿದ್ರು ನಿಂಗೆ?"

"ಹೂವು. ಯಾವಾಗ?"

ಹೈಕೊ ಟೈ ಸರಿಮಾಡಿಕೊಂಡ. "ಈಸ್ಟರ್ ಹೊತ್ತಿಗೆ."

"ಈಸ್ಟರ್ ಆದ್ಮೇಲೆ ನಮ್ಮನೇಲಿ ಕೂತು ಆಸ್ಪರಾಗಸ್ ತಿಂದೆ. ಎರಡು ಸಲ ಹಾಕಿಸ್ಕೊಂಡೆ. ಆಗ ನಾಲಿಗೆ ಬಿದ್ದುಹೋಗಿತ್ತಾ?"

"ನೋಡು, ಹೋದ ವಾರ ತಾನೆ ನಾವು ಕೆಳಗಿನ ಲೀಗಿಗೆ ಬೀಳದೆ ಉಳ್ಕೊಂಡಿದ್ದು. ಪಂದ್ಯಕ್ಕೆ ಮುಂಚೆ ಇದನ್ನೆಲ್ಲ ಹೇಳಿದ್ರೆ ನಿನ್ನ ಗಮನ ಕೆಡುತ್ತೆ ಅಂತ ಸುಮ್ಮನಿದ್ದೆ. ಇವತ್ತು ಬೆಳಗ್ಗೆ ಹೇಳೋಣ ಅಂತಿದ್ದೆ."

"ಈಗ ಮಧ್ಯಾಹ್ನ."

ಹೈಕೊ ಗಡಿಯಾರ ನೋಡಿಕೊಂಡು ಹೊರಟುಹೋದ. ಆ ಬೆನ್ನಿಗೊಂದು ಗುದ್ದಬೇಕೆನ್ನಿಸಿತು ಥೋರ್ಬೆನ್‌ಗೆ. ಗುದ್ದಲಿಲ್ಲ. ಕೈಗವಸು ಹಾಕಿಕೊಂಡು ಮೈದಾನಕ್ಕೆ ಇಳಿದ.

ಮೊದಲಿಬ್ಬರು ಹೂ ತೆಗೆದುಕೊಂಡು ಹೈಕೊನನ್ನು ಅಪ್ಪಿಕೊಂಡರು. ಆಮೇಲೆ ಧ್ವನಿವರ್ಧಕದಲ್ಲಿ "ಥೋರ್ಬೆನ್" ಎಂದು ಕೇಳಿಸಿತು. ಮೈಕಿನಲ್ಲಿ ಹೇಳುವುದು ಮೊದಲ ಹೆಸರು ಮಾತ್ರ; ಮನೆತನದ ಹೆಸರು ಕೂಗುವುದು ಯಾವಾಗಲೂ ಜನರ ಕೆಲಸ. ಅವತ್ತು ಯಾರೂ ಕೂಗಲಿಲ್ಲ. ಅವನು ಹೋಗುತ್ತಾನೆಂದು ಅವರಿಗೂ ಯಾರೂ ಹೇಳಿರಲಿಲ್ಲವಲ್ಲ.

ಹೈಕೊ ಕ್ಯಾಮೆರಾದ ಕಡೆ ನಗುತ್ತ ಗುಚ್ಛ ಚಾಚಿದ. ಥೋರ್ಬೆನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ತಗೋ ಕಣೋ, ಜನ ನೋಡ್ತಿದಾರೆ," ಎಂದು ಹೈಕೊ ಹಲ್ಲುಕಚ್ಚಿ ಪಿಸುಗುಟ್ಟಿದ.

"ನೀನೇ ಇಟ್ಕೊಂಡಿರು. ಪಂದ್ಯಕ್ಕೆ ಮುಂಚೆ ಇದನ್ನೆಲ್ಲ ಕೊಟ್ರೆ ನನ್ನ ಗಮನ ಕೆಡುತ್ತೆ."

ಹಾಗೆಂದು ಅವನು ಗೋಲಿನತ್ತ ಓಡಿದ. ಒಂದು ಮೂಲೆಯಿಂದ ಯಾರೋ "ವೀಕಿಂಗ್" ಎಂದು ಕೂಗಿದರು. ಆಮೇಲೆ ಇಡೀ ಸ್ಟೇಡಿಯಂ ಕೂಗಿತು, ನಿಲ್ಲಿಸಲೇ ಇಲ್ಲ. ಹೈಕೊ ಗುಚ್ಛವನ್ನು ಎದೆಗವಚಿಕೊಂಡು ಬೆಂಚಿಗೆ ಮರಳಿದ. ಲಿಲ್ಲಿಯ ಕೇಸರಿ ಬಣ್ಣದ ಪರಾಗದ ಪುಡಿ ಅವನ ಬಿಳಿ ಅಂಗಿಗೆ ಮೆತ್ತಿಕೊಂಡಿತ್ತು. ಒರೆಸಿದಷ್ಟೂ ಹರಡುತ್ತಿತ್ತು.